ಆಶಾ ಅಕ್ಕನಿಗೆ ಮೇಲಿನ ಮೆಟ್ಟಿಲು
(ಮಟಕಿಯಲ್ಲಿ ಮಾಡಿದ ಭಾಷಣ)

ನಡುರಾತ್ರಿ ಮಟಕಿಯಲ್ಲಿ ಗರ್ಭಿಣಿಗೆ ಬೇನೆ ಬಂದರೆ ನಾವು ಯಾರ ಬಾಗಿಲು ಬಡಿಯುತ್ತೇವೆ? ಆಶಾ ಅಕ್ಕನ ಬಾಗಿಲು. 2005ರಲ್ಲಿ ಹಾಕಿದ ಯೋಜನೆಯಂತೆ ಸಾವಿರ ಜನಕ್ಕೊಬ್ಬಳು. ಬಾಣಂತಿಯನ್ನೂ ಕೂಸನ್ನೂ ಮನೆಗೇ ಹೋಗಿ ನೋಡುವವಳು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಪ್ರಶಸ್ತಿ ಕೊಟ್ಟಿತು. ಸಂತೋಷ. ಸರ್ಕಾರ ಮಾತ್ರ ಇವರನ್ನು ನೌಕರರೆನ್ನದೆ ಸ್ವಯಂಸೇವಕಿಯರು ಎನ್ನುತ್ತದೆ, ಕೊಡುವುದು ಗೌರವಧನವಂತೆ. ಗೌರವವಾಯಿತು, ಧನವೆಲ್ಲಿ?

ಇವಳೇ ಕಲಿತು ಎ.ಎನ್.ಎಂ. ಆಗಬಾರದೇಕೆ? ಆ ತರಬೇತಿ ಎರಡು ವರ್ಷದ್ದು. ಸೇರಲು ಪಿ.ಯು.ಸಿ. ಆಗಿರಬೇಕು, ವಯಸ್ಸು 35 ಮೀರಿರಬಾರದು. ಆದರೆ ಆಶಾ ಕೆಲಸಕ್ಕೆ ಆರಿಸುವುದೇ 25ರಿಂದ 45ರೊಳಗಿನವರನ್ನು! ಅನುಭವ ಮಾಗುವ ಹೊತ್ತಿಗೆ ಶಾಲೆಯ ಬಾಗಿಲು ಮುಚ್ಚಿರುತ್ತದೆ. ವಯಸ್ಸಿದ್ದವಳಾದರೂ ಎರಡು ವರ್ಷ ಸಂಪಾದನೆ ಬಿಟ್ಟು ಮಕ್ಕಳಿಗೆ ಏನು ಉಣಿಸಿಯಾಳು?

ಗಿರಣಿಯ ಮಿತ್ರರೇ, ವರ್ಷಗಟ್ಟಲೆ ಮಗ್ಗ ನಡೆಸಿದ ಬದಲಿಯವನನ್ನು ಬಿಟ್ಟು ಹೊಸಬನನ್ನು ಖಾಯಂ ಮಾಡಿದರೆ ನೀವು ಸುಮ್ಮನಿರುತ್ತಿದ್ದಿರಾ?

ಕೆನಡಾದ ಒಂಟಾರಿಯೊದಲ್ಲಿ ರೋಗಿಯ ಮೈ ತೊಳೆದು ಉಣಿಸುವ ಆರೈಕೆಯವರು ದಾದಿಯರಾಗಲು ಬೇರೆಯೇ ಶಿಕ್ಷಣಕ್ರಮವಿದೆ. ಹಿಂದೆ ಕಲಿತದ್ದನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಶ್ರೀಮಂತ ದೇಶ ಎನ್ನಬೇಡಿರಿ. ಅನುಭವವನ್ನು ಲೆಕ್ಕ ಹಿಡಿಯಲು ಖಜಾನೆ ಬೇಕಿಲ್ಲ.

ನಮ್ಮ ಬೇಡಿಕೆ ಇಷ್ಟೇ: ಹತ್ತು ವರ್ಷ ದುಡಿದ ಆಶಾಳಿಗೆ ವಯಸ್ಸಿನ ರಿಯಾಯಿತಿ, ಮೀಸಲು ಸೀಟು, ಕಲಿಯುವಾಗ ಭತ್ಯೆ, ಕಲಿತ ಮೇಲೆ ಆಳಂದ ತಾಲೂಕಿನಲ್ಲೇ ಕೆಲಸ. ಪರೀಕ್ಷೆಯನ್ನು ಸಡಿಲಿಸಿರೆಂದು ನಾವು ಕೇಳುವುದಿಲ್ಲ. ಸೂಜಿ ಹಿಡಿಯುವ ಕೈ ಪಳಗಿರಲೇಬೇಕು.

ಅಂಗಡಿಕಾರ ಬಂಧುಗಳೇ, ನಿಮ್ಮ ಮನೆಯ ಬಾಣಂತನವನ್ನೂ ನೋಡಿದವಳು ಅವಳೇ. ಅರ್ಜಿ ಇಲ್ಲಿಯೇ ಮೇಜಿನ ಮೇಲಿದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿರಿ.