ನೆರವು ಕೇಳುವ ರೀತಿ

(ಹಿರೇಬೆಂಡಿಗೇರಿಯಲ್ಲಿ ಪಾಲಕರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಪಂಪ್‌ಸೆಟ್ ಕೆಟ್ಟಾಗ ನಮ್ಮ ಭಾಗದ ರೈತರು ಮೆಕ್ಯಾನಿಕ್‌ಗೆ ಫೋನ್ ಮಾಡುವುದನ್ನು ನೀವು ಕೇಳಿರುತ್ತೀರಿ. ನಾನೊಮ್ಮೆ ಬಸ್ಸಿಗೆ ಕಾಯುತ್ತ ನಿಂತಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರ ಮಾತನ್ನು ಪೂರ್ತಿ ಕೇಳಿಸಿಕೊಂಡೆ. “ಸ್ಟಾರ್ಟರ್ ಒತ್ತಿದ್ರ ಗುಂಯ್ ಅಂತೈತಿ, ತಿರಗವಲ್ದು. ನಿನ್ನಿ ಸಂಜಿ ತನಕಾ ಛಲೋ ಇತ್ತು. ರಾತ್ರಿ ಗಾಳಿ ಮಳಿ ಆತು. ಬಾಜೂ ಹೊಲದವರದೂ ಹಂಗ ಆಗೇತಿ.” ಆ ಕಡೆಯ ಉತ್ತರ ನನಗೂ ಕೇಳಿಸಿತು: “ಒಂದು ಫೇಸ್ ಹೋಗಿರಬೇಕ್ರಿ. ಸ್ಟಾರ್ಟರ್ ಮುಟ್ಟಬ್ಯಾಡ್ರಿ, ವೈಂಡಿಂಗ್ ಸುಡತೈತಿ. ಮೊದಲ ಲೈನ್‌ಮನ್‌ಗ ಹೇಳ್ರಿ.” ಮಾತು ಒಂದು ನಿಮಿಷದಲ್ಲಿ ಮುಗಿಯಿತು. ಮೆಕ್ಯಾನಿಕ್ ಹೊಲಕ್ಕೆ ಬರಲಿಲ್ಲ, ಮೋಟಾರು ಉಳಿಯಿತು.

ಆ ಹಿರಿಯರು ಹೆಚ್ಚು ಓದಿದವರಲ್ಲ. ಬಿ.ಇಡಿ. ಮಾಡಿ, ಮಕ್ಕಳಿಗೆ ಉರ್ದು ಮತ್ತು ಕನ್ನಡ ಕಲಿಸುವ ನಾನು, ಅದೇ ವರ್ಷ ಹೇಗೆ ನೆರವು ಕೇಳಿದೆ ಎಂಬುದನ್ನು ಈಗ ಹೇಳುತ್ತೇನೆ.

ನನ್ನ ವಿದ್ಯಾರ್ಥಿನಿಯೊಬ್ಬಳ ವಿದ್ಯಾರ್ಥಿವೇತನದ ಅರ್ಜಿ ತುಂಬುವ ಹೊಣೆ ಹೊತ್ತಿದ್ದೆ. ಕೊನೆಯ ದಿನಾಂಕಕ್ಕೆ ಮೂರು ದಿನ ಉಳಿದಿತ್ತು. ಅರ್ಜಿ ಮುಂದೆ ಹೋಗಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕೆಂಪಕ್ಷರದ ಎರಡು ಸಾಲು ಬಂದವು. ನಾನು ಅವನ್ನು ಓದಲಿಲ್ಲ. ಕಂಪ್ಯೂಟರ್ ಬಲ್ಲ ಮೂವರು ಪರಿಚಿತರಿಗೆ ಏಕಕಾಲಕ್ಕೆ “ಸೈಟ್ ಓಪನ್ ಆಗುತ್ತಿಲ್ಲ, ಅರ್ಜೆಂಟ್, ದಯವಿಟ್ಟು ಸಹಾಯ ಮಾಡಿ” ಎಂದು ಬರೆದೆ. ನಿಜವೆಂದರೆ ಸೈಟ್ ಓಪನ್ ಆಗಿತ್ತು. ಒಬ್ಬರು “ಯಾವ ಸೈಟ್?” ಎಂದು ಕೇಳಿದರು. ಇನ್ನೊಬ್ಬರು ಬೇರೆ ಬ್ರೌಸರ್ ಹಾಕಿ ನೋಡಲು ಹೇಳಿದರು. ಒಂದು ದಿನ ಅದರಲ್ಲೇ ಹೋಯಿತು. ಮೂರನೆಯವರು, ಉಳಿದಿಬ್ಬರು ನೋಡುತ್ತಿದ್ದಾರೆಂದು ತಿಳಿದು ಸುಮ್ಮನಾದರು. ನಾನು ಗಾಬರಿಯಲ್ಲಿ ಆ ಹುಡುಗಿಯ ಆಧಾರ್ ಕಾರ್ಡಿನ ಫೋಟೋವನ್ನು ನೂರಾರು ಜನರಿರುವ ಒಂದು ವಾಟ್ಸಾಪ್ ಗುಂಪಿಗೂ ಹಾಕಿಬಿಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ದಿನಾಂಕ ಮುಗಿದ ಮರುದಿನ ಅವಳು ಬಂದು ಕೇಳಿದಳು: “ಸರ, ಆ ಕೆಂಪು ಅಕ್ಷರದಾಗ ಏನ್ ಬರದಿತ್ರಿ?” ಇಬ್ಬರೂ ಕುಳಿತು ಓದಿದೆವು. ಅರ್ಜಿದಾರರ ಹೆಸರು ಆಧಾರ್‌ನಲ್ಲಿರುವ ಹೆಸರಿಗೆ ಹೊಂದುತ್ತಿಲ್ಲ ಎಂದಷ್ಟೇ ಇತ್ತು. ಅಂಕಪಟ್ಟಿಯಲ್ಲಿ ತಂದೆಯ ಹೆಸರಿಗೆ ಬದಲು ಒಂದೇ ಅಕ್ಷರ, ಆಧಾರ್‌ನಲ್ಲಿ ಪೂರ್ತಿ ಹೆಸರು. ನಮ್ಮ ಮನೆಗಳಲ್ಲಿ ಇದು ಹೊಸದಲ್ಲ. ಉರ್ದುವಿನಲ್ಲಿ ಒಂದೇ ಬಗೆಯಾಗಿ ಬರೆಯುವ ಮುಹಮ್ಮದ್ ಎಂಬ ಹೆಸರು ಇಂಗ್ಲಿಷಿಗೆ ಹೋದಾಗ ಒಂದು ದಾಖಲೆಯಲ್ಲಿ ಎಂ.ಡಿ., ಇನ್ನೊಂದರಲ್ಲಿ ಮೊಹಮ್ಮದ್, ಮತ್ತೊಂದರಲ್ಲಿ ಮಹಮ್ಮದ್ ಆಗಿರುತ್ತದೆ. ಕಂಪ್ಯೂಟರಿಗೆ ಇವು ಮೂವರು ಬೇರೆ ಬೇರೆ ಮನುಷ್ಯರು. ಇದು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ಆ ಎರಡು ಸಾಲನ್ನು ಇದ್ದಂತೆ ಬರೆದು ಕಳಿಸಿದ್ದರೆ ಮೂವರಲ್ಲಿ ಒಬ್ಬರಾದರೂ ಮೊದಲ ದಿನವೇ ದಾರಿ ತೋರಿಸುತ್ತಿದ್ದರು. ಆ ವರ್ಷ ಅವಳ ಬಸ್ ಪಾಸು ಮತ್ತು ಪುಸ್ತಕದ ಹಣಕ್ಕೆ ಅವಳ ತಾಯಿ ಕಳೆ ತೆಗೆಯುವ ಕೂಲಿಗೆ ಹೋದರು.

ಆದ್ದರಿಂದ ನೆರವು ಕೇಳುವ ಮೊದಲು ಪರದೆಯ ಮೇಲೆ ಬಂದದ್ದನ್ನು ಕೊನೆಯವರೆಗೆ ಓದಿ. ಅರ್ಥವಾಗದಿದ್ದರೂ ಅಕ್ಷರಶಃ ಬರೆದುಕೊಳ್ಳಿ. ಅದರಲ್ಲಿ ಅಂಕಿಯಿದ್ದರೆ ಅದನ್ನೂ ಬಿಡಬೇಡಿ. ಬ್ರಿಟನ್ನಿನ ಸೈಮನ್ ಟಾಥಮ್ ಎಂಬ ಕಂಪ್ಯೂಟರ್ ತಜ್ಞರು 1999ರಲ್ಲಿ ಈ ವಿಷಯವಾಗಿಯೇ ಒಂದು ಲೇಖನ ಬರೆದು, ನೀವು ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬುದನ್ನು ಹೇಳಬೇಕೆಂದು ವಿವರಿಸಿದ್ದಾರೆ. ಬಸ್ ನಿಲ್ದಾಣದ ಹಿರಿಯರು ಅದನ್ನು ಓದದೆಯೇ ಪಾಲಿಸಿದ್ದರು. ಅವರು “ಮೋಟಾರು ಕೆಟ್ಟೈತಿ” ಎನ್ನಲಿಲ್ಲ ಎಂಬುದನ್ನು ಗಮನಿಸಿ. ಕೆಟ್ಟಿದೆಯೋ ಇಲ್ಲವೋ ತೀರ್ಮಾನಿಸುವುದು ತಿಳಿದವರ ಕೆಲಸ. ಕಂಡದ್ದನ್ನು ಹೇಳುವುದು ನಮ್ಮದು.

ಇನ್ನೊಂದು ಉದಾಹರಣೆ ಶಿಕ್ಷಕ ಮಿತ್ರರಿಗೆ ಉಪಯೋಗವಾದೀತು. “ಕನ್ನಡದಲ್ಲಿ ಟೈಪ್ ಮಾಡಿದ್ದೆ, ಈಗ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತಿವೆ, ವೈರಸ್ ಬಂದಿದೆ” ಎಂದು ಎಷ್ಟೋ ಜನ ಕೇಳುತ್ತಾರೆ. ಹೆಚ್ಚಿನ ಸಲ ಅದು ವೈರಸ್ ಅಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಆಕಾರವನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕೆಳಗಿನ ಇಂಗ್ಲಿಷ್ ಹೊರಬೀಳುತ್ತದೆ. 1991ರಲ್ಲಿ ಬಂದ ಯೂನಿಕೋಡ್ ಕನ್ನಡಕ್ಕೆ ತನ್ನದೇ ಸಂಕೇತಗಳನ್ನು ಕೊಟ್ಟಿದೆ. ಅದರಲ್ಲಿ ಬರೆದದ್ದಕ್ಕೆ ಈ ತೊಂದರೆಯಿಲ್ಲ. ಹೀಗಾಗಿ ಯಾವ ತಂತ್ರಾಂಶದಲ್ಲಿ, ಯಾವ ಫಾಂಟಿನಲ್ಲಿ ಬರೆದಿರಿ, ಎಲ್ಲಿ ತೆರೆದಿರಿ ಎಂದು ಹೇಳಿದರೆ ಉತ್ತರ ಅರ್ಧ ಸಿಕ್ಕಂತೆ. ಉರ್ದುವಿನ ಇನ್‌ಪೇಜ್ ಕಡತಗಳ ವಿಷಯದಲ್ಲೂ ಇದೇ ಮಾತು.

ಪರದೆಯ ಚಿತ್ರ ಕಳಿಸುವಾಗ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಕಾಣದಂತೆ ಮುಚ್ಚಿ. ಕೊನೆಯ ನಾಲ್ಕು ಅಂಕಿ ಮಾತ್ರ ತೋರುವ ಆಧಾರ್ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದಲೇ ಪಡೆಯಬಹುದು. ಆಧಾರ್ ತೊಂದರೆಗೆ 1947 ಸಹಾಯವಾಣಿ ಇದೆ. ಓಟಿಪಿ ಕೇಳುವವನು ನೆರವು ನೀಡುವವನಲ್ಲ; ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನು ಪರಿಚಿತರ ವಿಷಯ. ಅವರಿಗೆ ನಮ್ಮಿಂದ ಸಂಬಳವಿಲ್ಲ. ತಮ್ಮ ಕೆಲಸ ಮುಗಿಸಿ, ಊಟದ ಹೊತ್ತಿನಲ್ಲಿ ನಮಗೆ ಉತ್ತರ ಬರೆಯುತ್ತಾರೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವುದು, ಅರ್ಧ ಗಂಟೆಗೊಮ್ಮೆ ಪ್ರಶ್ನಾರ್ಥಕ ಚಿಹ್ನೆ ಕಳಿಸುವುದು ಸರಿಯಲ್ಲ. ಮೊದಲು ಒಬ್ಬರನ್ನು ಕೇಳಿ. ಬೇರೊಬ್ಬರನ್ನು ಕೇಳಬೇಕಾದರೆ ಮೊದಲಿನವರು ಹೇಳಿದ್ದನ್ನೂ ತಿಳಿಸಿ. ಕೆಲಸವಾದ ಮೇಲೆ ನಮ್ಮಲ್ಲಿ ಹೆಚ್ಚಿನವರು ಮೌನವಾಗುತ್ತೇವೆ. ನಾನೂ ಆಗಿದ್ದೆ. ಹೇಗೆ ಸರಿಹೋಯಿತೆಂದು ಎರಡು ಸಾಲು ಬರೆದರೆ ಮುಂದೆ ಅದೇ ತೊಂದರೆ ಬಂದವರಿಗೆ ಹೇಳಲು ಅವರಿಗೂ ಅನುಕೂಲ.

ಮರುವರ್ಷ ಹೆಸರು ತಿದ್ದಿಸಿ ಆ ಹುಡುಗಿಯೇ ಅರ್ಜಿ ತುಂಬಿದಳು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲವೆಂಬ ಸಂದೇಶ ಬಂತು. ಅವಳು ಅದನ್ನು ಕಾಗದದಲ್ಲಿ ನಕಲು ಮಾಡಿ, ತಾನು ಮಾಡಿದ್ದನ್ನು ಕೆಳಗೆ ಬರೆದು, ನನಗೆ ತೋರಿಸಿ, ನಾನು ಹಿಂದಿನ ಸಲ ಕಾಡಿದ ಮೂವರಲ್ಲಿ ಒಬ್ಬರಿಗೆ ಕಳಿಸಿದಳು. ಸಂಜೆಯೊಳಗೆ ಉತ್ತರ ಬಂತು: ಬ್ಯಾಂಕಿಗೆ ಹೋಗಿ ಯಾವ ಅರ್ಜಿ ಕೊಡಬೇಕೆಂದು. ಹಣ ಜಮೆಯಾದ ದಿನ ಅವಳು ಅವರಿಗೆ ಮತ್ತೆ ಬರೆದಳು. ಅವರು ನನಗೆ ಫೋನ್ ಮಾಡಿ, “ಈ ಹುಡುಗಿಗೆ ಇದನ್ನ ಯಾರು ಕಲಿಸಿದ್ರಿ?” ಎಂದು ಕೇಳಿದರು.