ಎರಡು ಸಲ ಬೆಂದ ರೊಟ್ಟಿ

ಮಕ್ಕಳೇ, ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತೀರಲ್ಲ ಬಿಸ್ಕೀಟು, ಅದರ ಹೆಸರು ಎಲ್ಲಿಂದ ಬಂತು ಗೊತ್ತೇ? ಇಂಗ್ಲಿಷಿನವರು ಅದನ್ನು ಫ್ರಾನ್ಸ್ ದೇಶದವರಿಂದ ಪಡೆದರು, ನಾವು ಇಂಗ್ಲಿಷಿನವರಿಂದ ಪಡೆದೆವು. ಫ್ರೆಂಚರು ಇವತ್ತಿಗೂ ‘ಬಿಸ್ಕ್ವಿ’ ಎನ್ನುತ್ತಾರೆ. ‘ಬಿಸ್’ ಅಂದರೆ ಎರಡು ಸಲ, ‘ಕ್ವಿ’ ಅಂದರೆ ಬೆಂದದ್ದು.

ಒಮ್ಮೆ ಬೆಂದ ರೊಟ್ಟಿಯನ್ನು ಮತ್ತೊಮ್ಮೆ ಬೇಯಿಸುವುದೇಕೆ? ಹಿಂದಿನ ಕಾಲದ ಹಡಗುಗಳು ತಿಂಗಳುಗಟ್ಟಲೆ ಕಡಲಲ್ಲೇ ಇರುತ್ತಿದ್ದವು. ಮೆತ್ತನೆಯ ಬ್ರೆಡ್ಡು ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತಿತ್ತು. ಅದಕ್ಕೇ ಬೆಂದ ರೊಟ್ಟಿಯನ್ನು ಹದವಾದ ಬಿಸಿಯಲ್ಲಿ ಮತ್ತೆ ಇಟ್ಟು ಒಣಗಿಸಿ ಒಯ್ಯುತ್ತಿದ್ದರು.

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ತೇಲುತ್ತಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು. ಒಣ ಹೊಲಕ್ಕೆ ಬಿದ್ದ ಕಾಳು ಮಳೆಗಾಗಿ ಕಾಯುತ್ತದಲ್ಲ, ಹಾಗೆ ಇವೂ ನೀರಿಗಾಗಿ ಕಾಯುತ್ತವೆ. ಬ್ರೆಡ್ಡಿನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ ಅಲ್ಲಿ ಬೇಗ ಚಿಗುರುತ್ತವೆ. ನೀರು ಆರಿಹೋದ ರೊಟ್ಟಿಯ ಮೇಲೆ ಬಿದ್ದರೆ ಸುಮ್ಮನೆ ಬಿದ್ದಿರುತ್ತವೆ, ಅಷ್ಟೇ.

ಹಾವೇರಿ ಜಿಲ್ಲೆಯ ಹಿರೇಬೆಂಡಿಗೇರಿಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಖಡಕ್ ರೊಟ್ಟಿ ತಿಂದು ಬೆಳೆದವರು ಅವರು! ಜೋಳದ ಹಿಟ್ಟನ್ನು ಬಿಸಿನೀರಲ್ಲಿ ನಾದಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸುತ್ತಾರೆ. ಆಗಲೇ ತಿಂದರೆ ಅದು ಮೆತ್ತನೆಯ ರೊಟ್ಟಿ. ಅದನ್ನೇ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ, ಒಳಗಿನ ನೀರೆಲ್ಲ ಆವಿಯಾಗಿ ಹೋಗುವ ತನಕ ಬಿಟ್ಟರೆ ಖಡಕ್ ರೊಟ್ಟಿ. ಮುರಿದರೆ ‘ಕಟಕ್’ ಅನ್ನಬೇಕು. ಬಟ್ಟೆಯಲ್ಲಿ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಕಡಲನ್ನೇ ಕಾಣದ ನಮ್ಮ ಅವ್ವಂದಿರು, ಅಜ್ಜಿಯರು ಹಡಗಿನವರ ಉಪಾಯವನ್ನು ತಮ್ಮ ಒಲೆಯ ಮುಂದೆ ತಾವೇ ಕಂಡುಕೊಂಡರು. ನನಗೆ ಇದು ಬಲು ಹೆಮ್ಮೆಯ ವಿಷಯ.

ಮಳೆಗಾಲದಲ್ಲಿ ಮಾತ್ರ ಜೋಪಾನ. ಗಾಳಿಯಲ್ಲಿರುವ ತೇವವನ್ನು ಒಣ ರೊಟ್ಟಿ ಹೀರಿಕೊಂಡು ಮೆತ್ತಗಾಗುತ್ತದೆ. ತೆರೆದಿಟ್ಟ ಬಿಸ್ಕೀಟೂ ಹಾಗೇ.

ಈಗಿನ ಬಿಸ್ಕೀಟುಗಳಲ್ಲಿ ಹೆಚ್ಚಿನವು ಒಂದೇ ಸಲ ಬೇಯುತ್ತವೆ, ಹೆಸರು ಮಾತ್ರ ಹಳೆಯದೇ ಉಳಿದಿದೆ. ಬೇಕರಿಯ ರಸ್ಕನ್ನು ಇಂದಿಗೂ ಎರಡು ಸಲ ಬೇಯಿಸುತ್ತಾರೆ: ಮೊದಲು ಬ್ರೆಡ್ಡು, ಆಮೇಲೆ ಅದರ ಹೋಳು.

ನೀವೇ ಒಮ್ಮೆ ಪರೀಕ್ಷೆ ಮಾಡಿ. ಮುಚ್ಚಳವಿರುವ ಎರಡು ಗಾಜಿನ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಮೆತ್ತನೆಯ ರೊಟ್ಟಿಯ ಚೂರು, ಇನ್ನೊಂದರಲ್ಲಿ ಖಡಕ್ ರೊಟ್ಟಿಯ ಚೂರು ಹಾಕಿ ಮುಚ್ಚಿಡಿ. ದಿನಾಲೂ ಹೊರಗಿನಿಂದಲೇ ನೋಡಿ, ಕಂಡದ್ದನ್ನು ಪಾಟಿಯ ಮೇಲೆ ಬರೆಯಿರಿ. ಬೂಷ್ಟು ಬಂದ ಬಾಟಲಿಯ ಮುಚ್ಚಳ ಮಾತ್ರ ತೆರೆಯಬೇಡಿ, ಹಾಗೆಯೇ ದೊಡ್ಡವರ ಕೈಗೆ ಕೊಡಿ.