ಕಾರ್ಡಿನಿಂದ ಕೊಂಡ ಮಾಲು, ಹಿಂದಿರುಗಬೇಕಾದ ಹಣ



ಬಿತ್ತನೆ ಬೀಜ, ಗೊಬ್ಬರ, ಸಿಂಪರಣಾ ಯಂತ್ರ, ಪಂಪ್‌ಸೆಟ್ಟು ಮುಂತಾದವನ್ನು ಕೊಳ್ಳಲು ನೋಟಿನ ಕಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಟ್ಟಣಕ್ಕೆ ಹೋಗುವ ರೂಢಿ ಈಗ ಕಡಿಮೆಯಾಗಿದೆ. ಹಲವರ ಜೇಬಿನಲ್ಲಿ ಬ್ಯಾಂಕಿನ ಕಾರ್ಡು ಇರುತ್ತದೆ. ಕಾರ್ಡಿನಿಂದ ಹಣ ಹೋಗುವುದು ಒಂದು ಗಳಿಗೆಯ ಕೆಲಸ. ಆದರೆ ಅದೇ ಹಣ ಹಿಂದಕ್ಕೆ ಬರಬೇಕಾದಾಗ ದಾರಿ ಬೇರೆ, ಹಿಡಿಯುವ ಕಾಲವೂ ಬೇರೆ.

ಒಬ್ಬ ರೈತನು ತನ್ನ ಕೊಳವೆಬಾವಿಗೆ ಮೂರು ಫೇಸಿನ 5 ಅಶ್ವಶಕ್ತಿಯ ಮೋಟಾರು ಬೇಕೆಂದು ಕ್ರೆಡಿಟ್ ಕಾರ್ಡಿನಲ್ಲಿ ರೂ. 30,000 ಕೊಟ್ಟನೆಂದು ಇಟ್ಟುಕೊಳ್ಳಿ. ಬಂದದ್ದು ಸಿಂಗಲ್ ಫೇಸಿನ ಮೋಟಾರು. ಹೊಲದಲ್ಲಿ ಟೊಮೆಟೊ ಬಾಡುತ್ತಿದೆ. ಅಂಗಡಿಯವನು ಮಾಲನ್ನು ವಾಪಸು ಪಡೆದು, "ನಿಮ್ಮ ದುಡ್ಡು ಕಾರ್ಡಿಗೇ ಬರುತ್ತೆ, ಹೋಗಿ ಬನ್ನಿ ಯಜಮಾನ್ರೇ" ಎಂದು ಸಾಗಹಾಕುತ್ತಾನೆ. ಹದಿನೈದು ದಿನ ಕಳೆಯಿತು. ಹಣ ಬರಲಿಲ್ಲ, ಬ್ಯಾಂಕಿನ ಬಿಲ್ಲು ಮಾತ್ರ ಬಂತು. ಇನ್ನೊಂದು ಮೋಟಾರು ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಈಗ ಅವನು ಏನು ಮಾಡಬೇಕು?

ಮೊದಲು ಹಣದ ಹಾದಿಯನ್ನು ಅರಿಯಬೇಕು. ರೈತನ ಬ್ಯಾಂಕು ಕೊಡುವ ಹಣ ನೇರವಾಗಿ ಅಂಗಡಿಯ ಗಲ್ಲಾಪೆಟ್ಟಿಗೆಗೆ ಹೋಗುವುದಿಲ್ಲ. ಅದು ರುಪೇ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲದ ಮೂಲಕ ಅಂಗಡಿಯವನ ಬ್ಯಾಂಕನ್ನು ಸೇರಿ, ಅಲ್ಲಿಂದ ಅವನ ಖಾತೆಗೆ ಇಳಿಯುತ್ತದೆ. ರೀಫಂಡು ಇದೇ ಕಾಲುವೆಯಲ್ಲಿ ಹಿಮ್ಮುಖವಾಗಿ ಹರಿಯಬೇಕು. ಅದರ ತೂಬನ್ನು ಮೊದಲು ಎತ್ತಬೇಕಾದವನು ಅಂಗಡಿಯವನು. ಅವನು ತನ್ನ ಯಂತ್ರದಲ್ಲಿ ರೀಫಂಡು ನಮೂದಿಸದಿದ್ದರೆ, ಬ್ಯಾಂಕಿನ ಮುಂದೆ ದಿನವಿಡೀ ಕುಳಿತರೂ ಹಣ ಬಾರದು. ಆದ್ದರಿಂದ ಮಾಲು ಹಿಂದಿರುಗಿಸುವಾಗಲೇ ರೀಫಂಡು ಚೀಟಿಯನ್ನು ಕೇಳಿ ಪಡೆಯತಕ್ಕದ್ದು. ಅದರಲ್ಲಿ ತಾರೀಖು, ಮೊತ್ತ ಮತ್ತು ಉಲ್ಲೇಖ ಸಂಖ್ಯೆ ಇರಬೇಕು. ಬಾಯಿಮಾತು ಇಲ್ಲಿ ನಡೆಯುವುದಿಲ್ಲ.

ಬಿಲ್ಲಿನ ವಿಷಯದಲ್ಲಿ ಅನೇಕರು ಎಡವುತ್ತಾರೆ. "ಮಾಲೇ ವಾಪಸು ಕೊಟ್ಟಿದ್ದೇನೆ, ಬಿಲ್ಲು ಏಕೆ ಕಟ್ಟಲಿ" ಎಂದು ಸುಮ್ಮನಿದ್ದರೆ ಬಡ್ಡಿ ಬೆಳೆಯುತ್ತದೆ. ಬಹಳಷ್ಟು ಬ್ಯಾಂಕುಗಳಲ್ಲಿ ಕ್ರೆಡಿಟ್ ಕಾರ್ಡಿನ ಬಡ್ಡಿ ತಿಂಗಳಿಗೇ ನೂರಕ್ಕೆ ಮೂರು ರೂಪಾಯಿಗಿಂತ ಹೆಚ್ಚು. ವರ್ಷದ ಲೆಕ್ಕದಲ್ಲಿ ಅದು ಬೆಳೆಸಾಲದ ಬಡ್ಡಿಯನ್ನು ಎಷ್ಟೋ ಪಾಲು ಮೀರುತ್ತದೆ. ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಗಡುವಿಗೆ ಮೊದಲೇ ರೀಫಂಡು ಬಂದರೆ ಬ್ಯಾಂಕು ಅದನ್ನು ಕಟ್ಟಬೇಕಾದ ಬಾಕಿಗೆ ಕೂಡಲೇ ವಜಾ ಹಾಕಿ ತಿಳಿಸಬೇಕು. ಗಡುವಿನ ದಿನಕ್ಕೂ ಬಾರದಿದ್ದರೆ, ತಕರಾರಿಲ್ಲದ ಭಾಗವನ್ನು ಕಟ್ಟಿ, ತಕರಾರಿನ ಮೊತ್ತವನ್ನು ಬ್ಯಾಂಕಿಗೆ ಬರಹದಲ್ಲಿ ತಿಳಿಸಿ, ಅದರ ಮೇಲೆ ಬಡ್ಡಿ ಬೀಳುವುದೇ ಎಂದು ಅಂದೇ ಕೇಳಿಕೊಳ್ಳುವುದು ಲೇಸು. ಬಿಲ್ಲಿನ ಬಗ್ಗೆ ದೂರು ಬಂದಲ್ಲಿ 30 ದಿನಗಳೊಳಗೆ ವಿವರಣೆಯನ್ನೂ, ಅವಶ್ಯವಿದ್ದರೆ ದಾಖಲೆಯನ್ನೂ ಬ್ಯಾಂಕು ಒದಗಿಸಬೇಕೆಂದು ಅದೇ ನಿರ್ದೇಶನ ಹೇಳಿತು.

ಅಂಗಡಿಯವನು ಜಗ್ಗದಿದ್ದರೆ ಉಳಿಯುವುದು ಚಾರ್ಜ್‌ಬ್ಯಾಕ್. ಅಂದರೆ ರೈತನ ಬ್ಯಾಂಕು ಕಾರ್ಡು ಜಾಲದ ಮೂಲಕ ಅಂಗಡಿಯವನ ಬ್ಯಾಂಕಿನಿಂದ ಹಣವನ್ನು ಹಿಂದಕ್ಕೆ ಕೇಳುವುದು. ಮಾಲು ಬಾರದಿದ್ದಾಗ, ಹೇಳಿದ್ದಕ್ಕಿಂತ ಬೇರೆ ಮಾಲು ಬಂದಾಗ, ಒಪ್ಪಿದ ರೀಫಂಡು ಕೊಡದಿದ್ದಾಗ, ಒಂದೇ ಖರೀದಿಗೆ ಎರಡು ಸಲ ಹಣ ಕಡಿತವಾದಾಗ ಇದನ್ನು ಕೇಳಬಹುದು. ಮಾಲು ಮನಸ್ಸಿಗೆ ಹಿಡಿಸಲಿಲ್ಲವೆಂಬ ಕಾರಣ ಸಾಲದು. ಅಂಗಡಿಯವನಿಗೂ ಉತ್ತರ ಕೊಡುವ ಹಕ್ಕುಂಟು. ಅವನ ದಾಖಲೆ ಗಟ್ಟಿಯಾಗಿದ್ದರೆ, ತಾತ್ಕಾಲಿಕವಾಗಿ ಜಮೆಯಾದ ಹಣವನ್ನು ಬ್ಯಾಂಕು ವಾಪಸು ಪಡೆಯುತ್ತದೆ. ಆದುದರಿಂದ ಬಿಲ್ಲು, ತಪ್ಪು ಮೋಟಾರಿನ ಮೇಲಿನ ಫಲಕದ ಚಿತ್ರ, ಮಾಲು ಹಿಂದಿರುಗಿಸಿದ ರಸೀದಿ ಮತ್ತು ಅಂಗಡಿಗೆ ಬರೆದ ಪತ್ರದ ಪ್ರತಿಯನ್ನು ಒಂದೇ ಲಕೋಟೆಯಲ್ಲಿ ಇಟ್ಟಿರಬೇಕು. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಜಾಲಗಳಲ್ಲಿ ಇಂತಹ ಬಹುಪಾಲು ತಕರಾರುಗಳಿಗೆ 120 ದಿನಗಳ ಮಿತಿಯಿದೆ. ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂದವರಿಗೆ ಆ ಮಿತಿ ಕಾಯುವುದಿಲ್ಲ.

ಯಂತ್ರದಲ್ಲಿ ಕಾರ್ಡು ಉಜ್ಜಿದಾಗ ಖಾತೆಯಿಂದ ಹಣ ಹೋಗಿ, ಅಂಗಡಿಯಲ್ಲಿ ಮಾತ್ರ "ಬಂದಿಲ್ಲ" ಎನ್ನುವುದು ಇನ್ನೊಂದು ಬಗೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಇದಕ್ಕೆ ವಹಿವಾಟಿನ ದಿನದ ನಂತರ 5 ದಿನಗಳ ಗಡುವು ಇಟ್ಟಿತು. ಅಷ್ಟರಲ್ಲಿ ಹಣ ತಾನಾಗಿಯೇ ಹಿಂದಿರುಗಬೇಕು. ತಡವಾದ ಪ್ರತಿ ದಿನಕ್ಕೆ ರೂ. 100ರಂತೆ ಪರಿಹಾರವನ್ನು ಗ್ರಾಹಕನು ಕೇಳದೆಯೇ ಕೊಡಬೇಕು.

ತಾನು ಮಾಡದ ಖರ್ಚು ಕಂಡುಬಂದರೆ ದಿನಗಳ ಎಣಿಕೆ ಇನ್ನೂ ಬಿಗಿ. 2017ರ ಜುಲೈ 6ರ ಸುತ್ತೋಲೆಯು, ಬ್ಯಾಂಕಿನದಾಗಲೀ ಗ್ರಾಹಕನದಾಗಲೀ ತಪ್ಪಿಲ್ಲದೆ ಹೊರಗಿನವರಿಂದ ಮೋಸವಾದಾಗ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟದ ಹೊಣೆಯಿಲ್ಲವೆಂದು ಗೊತ್ತುಮಾಡಿತು. 4ರಿಂದ 7 ದಿನಗಳಾದರೆ ಹೊಣೆ ಒಂದು ಮಿತಿಯವರೆಗೆ ಅವನ ಮೇಲೆ ಬೀಳುತ್ತದೆ. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂತಹದೇ ಸೂಚನೆ ಹೋಯಿತು. ಆದರೆ ಪಿನ್ ಸಂಖ್ಯೆಯನ್ನೋ ಒ.ಟಿ.ಪಿ.ಯನ್ನೋ ಬೇರೆಯವರಿಗೆ ತಾನೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ಗೊಬ್ಬರದಂಗಡಿಯ ಹುಡುಗನಿಗೆ ಕಾರ್ಡು ಕೊಟ್ಟು ಪಿನ್ನನ್ನು ಕೂಗಿ ಹೇಳುವ ಅಭ್ಯಾಸ ಇನ್ನೂ ಹೋಗಿಲ್ಲ!

1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡು ಹೆಸರಿನಲ್ಲಿ ಮಾತ್ರ ಈ ಕ್ರೆಡಿಟ್ ಕಾರ್ಡನ್ನು ಹೋಲುತ್ತದೆ. ಅದರಲ್ಲಿರುವುದು ಬೆಳೆಸಾಲದ ಹಣ. ಅದರಿಂದ ಕೊಂಡ ಬೀಜವನ್ನು ಹಿಂದಿರುಗಿಸಿದಾಗ ಅಂಗಡಿಯವನು ನಗದು ಕೊಡಲು ಬಂದರೆ ಒಪ್ಪಬಾರದು. ನಗದು ಸಂತೆಯಲ್ಲಿ ಕರಗುತ್ತದೆ, ಸಾಲವೂ ಅದರ ಬಡ್ಡಿಯೂ ಖಾತೆಯಲ್ಲಿ ಹಾಗೆಯೇ ಉಳಿಯುತ್ತವೆ. ಹಣ ಅದೇ ಖಾತೆಗೆ ಮರಳಬೇಕು.

ಮೋಟಾರಿನ ರೈತನು ಮೊದಲು ಅಂಗಡಿಗೂ, ನಂತರ ಶಾಖೆಗೂ ದೂರು ಬರೆದು, ಶಾಖೆಯಿಂದ ದೂರಿನ ಸಂಖ್ಯೆ ಪಡೆಯಬೇಕು. ಅಂಗಡಿಯ ವಿರುದ್ಧ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಹೇಳಬಹುದು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಇಲ್ಲವೆ ಉತ್ತರ ತೃಪ್ತಿ ನೀಡದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಶಾಖೆಯು ಕೊಟ್ಟ ದೂರಿನ ಸಂಖ್ಯೆ ಮತ್ತು ತಾರೀಖನ್ನು ಅಲ್ಲಿ ತೋರಿಸಬೇಕಾಗುತ್ತದೆ.